ಬೇಕು, ಸಾಕು, ಅಕ್ಕು

ಸೀವುಡ್ಸ್-ದಾರಾವೆ ಸ್ಟೇಷನ್ನಿನ ಹೊರಗೆ ತರಕಾರಿಯಾಕೆ 'ಕಾಯ್ ಪಾಹಿಜೆ?' ಎಂದು ಕೇಳುತ್ತಾಳೆ. ಮನೆಯಾಕೆ ನನ್ನ ಕಡೆ ತಿರುಗಿ, 'ಮೆಂತ್ಯ ಸಾಕು, ಕೊತ್ತಂಬರಿ ಬೇಕು' ಎನ್ನುತ್ತಾಳೆ. ಪಾಹಿಜೆ, ಸಾಕು, ಬೇಕು ಮೂರೂ ಬಹು ಹಳೆಯ ಕ್ರಿಯಾರೂಪಗಳು. ಇವುಗಳ ಒಡಹುಟ್ಟಿದವು ಹೆಚ್ಚಿನೆಡೆ ಯಾವತ್ತೋ ಬಳಕೆ ತಪ್ಪಿವೆ.

ಹಳಗನ್ನಡದಲ್ಲಿ 'ಗುಂ' ಎಂಬ ಪ್ರತ್ಯಯವಿತ್ತು, ಕೆಲವೆಡೆ ಅದೇ 'ಕುಂ'. 'ಮಾಡುಗುಂ' ಎಂದರೆ ಅವನು ಮಾಡುವನು. ಅವಳಿಗೂ ಅದೇ, ಅವರಿಗೂ ಅದೇ. 1260ರ ಸುಮಾರಿಗೆ ಶಬ್ದಮಣಿದರ್ಪಣ ಬರೆದ ಕೇಶಿರಾಜ ಇದಕ್ಕೆ ಸೂತ್ರ ಕೊಟ್ಟಿದ್ದಾನೆ. ಬಯಸು ಎಂಬರ್ಥದ 'ಬೇಳ್' ಧಾತುವಿಗೆ ಇದು ಸೇರಿ ಬೇಳ್ಕುಂ, ಸವೆದು ಬೇಕು. 'ಸಾಲ್' ಎಂಬುದಕ್ಕೆ ಸೇರಿ ಸಾಲ್ಕುಂ, ಆಮೇಲೆ ಸಾಕು. ಮರಾಠಿಯ ಕಥೆಯೂ ಇಂಥದ್ದೇ. 'ಪಾಹಣೆ' ಎಂದರೆ ನೋಡುವುದು. ಪಾಹಿಜೆ ಅದರ ಹಳೆಯ ಕರ್ಮಣಿ ರೂಪ. ಆ ಬಗೆಯ ಕರ್ಮಣಿಯನ್ನು ಇಂದಿನ ಮರಾಠಿಯಲ್ಲಿ ಹೊಸದಾಗಿ ಯಾರೂ ಕಟ್ಟುವುದಿಲ್ಲ.

ಇಲ್ಲಿ ಲ್ಯಾಟಿನ್ ನೆನಪಾಗುತ್ತದೆ. ಅಲ್ಲಿ ಮಾಡು ಎಂಬರ್ಥದ 'ಫಾಕಿಯೊ' ಧಾತುವಿಗೆ 'ಫಾಕ್ಸಿಂಟ್' ಎಂಬ ಹಳೆಯ ರೂಪವಿತ್ತು: 'ಮಾಡಲಿ' ಎಂಬ ಹಾರೈಕೆ. ಕ್ರಿ.ಪೂ. 200ರ ಹೊತ್ತಿನ ಪ್ಲಾಟಸ್‌ನ ನಾಟಕಗಳಲ್ಲಿ ಇಂಥ ರೂಪಗಳು ಧಾರಾಳ. ಕ್ರಿ.ಪೂ. ಮೊದಲ ಶತಮಾನದ ವಾಗ್ಮಿ ಸಿಸೆರೋ ಕಾಲಕ್ಕೆ ಅವು ಹೆಚ್ಚಾಗಿ ಉಳಿದದ್ದು 'ದೇವರು ಹಾಗೇ ಮಾಡಲಿ' ಎಂಬಂಥ ಪ್ರಾರ್ಥನೆಗಳಲ್ಲಿ, ಕಾನೂನಿನ ಕಟ್ಟಳೆಯ ಮಾತುಗಳಲ್ಲಿ. ರೋಮನ್ನರು ತಮ್ಮ ಹಳೆಯ ಕ್ರಿಯಾಪದವನ್ನು ಗುಡಿಯಲ್ಲಿ, ನ್ಯಾಯಸ್ಥಾನದಲ್ಲಿ ಕಾಪಾಡಿದರು. ನಾವು ಸಂತೆಯಲ್ಲಿ, ಊಟದ ಎಲೆಯ ಮುಂದೆ. ನಮ್ಮದೇ ಗಟ್ಟಿ ಜಾಗ ಎಂದು ನನಗನ್ನಿಸುತ್ತದೆ. ಮಂತ್ರ ಮರೆತವರೂ 'ಅನ್ನ ಸಾಕು' ಎನ್ನಲೇಬೇಕಲ್ಲ!

ಆದರೆ ಬೇಕು, ಸಾಕುಗಳಲ್ಲಿ 'ಕುಂ' ಕಲ್ಲಾಗಿ ಕೂತಿದೆ, ಅದರಿಂದ ಹೊಸ ಮಾತು ಹುಟ್ಟುವುದಿಲ್ಲ. ಅದು ಇನ್ನೂ ಚಿಗುರುತ್ತಿರುವುದು ಕಾಸರಗೋಡು, ಪುತ್ತೂರು, ಸುಳ್ಯದ ಹವ್ಯಕರ ಮನೆಮಾತಿನಲ್ಲಿ. 'ಆಗಬಹುದು' ಎನ್ನಲು ಅವರು 'ಅಕ್ಕು' ಎನ್ನುತ್ತಾರೆ, ಹಳಗನ್ನಡದ ಅಕ್ಕುಂ. ಬರುವನು ಎನ್ನಲು 'ಬಕ್ಕು', ಮಾಡುವನು ಎನ್ನಲು 'ಮಾಡುಗು'. ಕೇಶಿರಾಜ ಸೂತ್ರ ಬರೆದ ರೂಪ ಫೋನಿನಲ್ಲಿ ಊರಿನವರೊಡನೆ ಮಾತಾಡುವಾಗ ಸಲೀಸಾಗಿ ಹೊರಳುತ್ತದೆ.

ಮುಂಬಯಿಯ ಫ್ಲ್ಯಾಟುಗಳಲ್ಲಿ ಬೆಳೆಯುವ ಹವ್ಯಕ ಮಕ್ಕಳು 'ಅಕ್ಕು' ಎಂದಾಗ 'ಸರಿಯಾಗಿ ಆಗಬಹುದು ಅನ್ನು' ಎಂದು ತಿದ್ದುವ ಹಿರಿಯರಿದ್ದಾರೆ. ದಯವಿಟ್ಟು ತಿದ್ದಬೇಡಿ. ಆ ಮಕ್ಕಳ ಬಾಯಲ್ಲಿರುವುದು ತಪ್ಪುಗನ್ನಡವಲ್ಲ, ನಮ್ಮೆಲ್ಲರದಕ್ಕಿಂತ ಹಳೆಯ ಕನ್ನಡ.