ಕಾಯುವ ಗಾಡಿ, ಕಾಯಿಸುವ ರಸ್ತೆ

ಹಳೆಯ ಕಾರಿನ ನಾಡಿ ಹಿಡಿದು ನೋಡಲು ಘೋಡಬಂದರ್ ರಸ್ತೆಗಿಂತ ಒಳ್ಳೆಯ ಜಾಗ ಠಾಣೆ ಜಿಲ್ಲೆಯಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ. ಕಾಪುರಬಾವಡಿಯಲ್ಲಿ ಗಾಡಿ ನಿಂತರೆ ನಿಂತೇ ಬಿಟ್ಟಿತು. ಮಾನಪಾಡಾ, ಪಾತಲಿಪಾಡಾ, ವಾಘಬೀಳ ಎಂದು ಒಂದೊಂದೇ ಸಿಗ್ನಲ್ಲಿಗೆ ಹಾಜರಿ ಕೊಟ್ಟು ಕಾಸಾರವಡವಲಿ ದಾಟಿದ ಮೇಲೆ ತುಸು ಬಿಡುವು. ಅಷ್ಟರಲ್ಲಿ ಗಾಯಮುಖದ ಘಾಟು. ಒಂದು ಕಡೆ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಕಾಡು, ಇನ್ನೊಂದು ಕಡೆ ವಸಯಿಯ ಖಾರಿ, ನಡುವೆ ಬಂದರಿನಿಂದ ಗುಜರಾತಿಗೆ ಹೊರಟ ಕಂಟೇನರ್ ಲಾರಿಗಳ ಸಾಲು. ಅದನ್ನೂ ಏರಿ ಇಳಿದರೆ ಅಹಮದಾಬಾದ್ ಹೆದ್ದಾರಿ ಸಿಗುತ್ತದೆ. ಜ್ಯಾಮು, ಏರು, ಓಟ: ಮೂರು ಪರೀಕ್ಷೆಯೂ ಒಂದೇ ದಾರಿಯಲ್ಲಿ, ಫೀಸಿಲ್ಲದೆ.

ಈ ಪರೀಕ್ಷೆಯ ಮಹತ್ವ ತಿಳಿಸಿಕೊಟ್ಟವನು ನಮ್ಮ ಗ್ಯಾರೇಜಿನ ಮಿಸ್ತ್ರಿ, ವಿಜಯಪುರದ ಕಡೆಯವನು. ಗಾಡಿ ಕಾಯುತ್ತಿದೆ ಎಂದು ಹೋದವರಿಗೆಲ್ಲ ಅವನದು ಒಂದೇ ಮಾತು: “ಎಷ್ಟ್ ಕಾಯ್ತೈತಿ ಅಂತ ಬ್ಯಾಡ್ರೀ ಸರ, ಯಾವಾಗ ಕಾಯ್ತೈತಿ, ಅಷ್ಟ ಹೇಳ್ರಿ.” ಬಾನೆಟ್ ಎತ್ತುವ ಆತುರವೇ ಅವನಿಗಿಲ್ಲ. ಮೊದಲು ಒಂದು ಕಟಿಂಗ್ ಚಹಾ, ಆಮೇಲೆ ವಿಚಾರಣೆ.

ಸಿಗ್ನಲ್ಲಿನಲ್ಲಿ ನಿಂತಾಗ ಮುಳ್ಳು ಏರಿ, ಓಡತೊಡಗಿದ ಮೇಲೆ ಇಳಿಯಿತೇ? ಹಾಗಾದರೆ ಗಾಳಿಯ ಕೊರತೆ. ಓಡುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ. ನಿಂತಾಗ ಆ ಕೆಲಸ ಫ್ಯಾನಿನದು. ಥರ್ಮೋ ಸ್ವಿಚ್ಚಿನ ಎರಡು ವೈರು ಕಳಚಿ ಒಂದಕ್ಕೊಂದು ತಾಗಿಸಿದಾಗ ಫ್ಯಾನ್ ಗುರ್ರೆಂದರೆ ಫ್ಯಾನಿಗೆ ಏನೂ ಆಗಿಲ್ಲ, ಸ್ವಿಚ್ಚೇ ಸತ್ತಿದೆ. ಜ್ಯಾಮಿನಲ್ಲಿ ತೆಪ್ಪಗಿದ್ದು ಘಾಟಿಯಲ್ಲಿ ಕಾದರೆ ಕಥೆಯೇ ಬೇರೆ: ನೀರು ಸಾಕಷ್ಟು ಹರಿಯುತ್ತಿಲ್ಲ. ರೇಡಿಯೇಟರಿನ ನಳಿಗೆಗಳು ಕಟ್ಟಿವೆ, ಇಲ್ಲವೆ ವಾಟರ್ ಪಂಪು ಸೋತಿದೆ, ಇಲ್ಲವೆ ಬೆಲ್ಟು ಜಾರುತ್ತಿದೆ. ಮನೆಯಿಂದ ಹೊರಟು ಸೊಸೈಟಿಯ ಗೇಟು ದಾಟಿ ಸ್ವಲ್ಪ ಹೊತ್ತಿಗೇ ಮುಳ್ಳು ಮೇಲೆದ್ದರೆ ನೀರೇ ಇಲ್ಲ ಅಥವಾ ಥರ್ಮೋಸ್ಟ್ಯಾಟ್ ತೆರೆಯುತ್ತಿಲ್ಲ. ಮೇಲಿನ ಹೋಸ್ ಮುಟ್ಟಲಾಗದಷ್ಟು ಬಿಸಿ, ಕೆಳಗಿನದು ತಣ್ಣಗೆ ಎಂದರೆ ಅನುಮಾನ ಅತ್ತಲೇ ಹೋಗಬೇಕು. ನೆಲದ ಮೇಲೆ ಒಂದು ಹನಿಯೂ ಬೀಳದೆ ನೀರು ದಿನದಿನಕ್ಕೆ ಮಾಯವಾಗುತ್ತಿದ್ದರೆ, ಬಿಳಿ ಹೊಗೆಗೆ ಸಿಹಿ ವಾಸನೆ ಇದ್ದರೆ, ಆಯಿಲಿನ ಮುಚ್ಚಳದ ಅಡಿಯಲ್ಲಿ ಹಾಲುಬಣ್ಣದ ಜಿಡ್ಡು ಕಂಡರೆ ಮಿಸ್ತ್ರಿ ಚಹಾದ ಗ್ಲಾಸು ಕೆಳಗಿಡುತ್ತಾನೆ. ಅದು ಹೆಡ್ ಗ್ಯಾಸ್ಕೆಟ್, ಖರ್ಚಿನ ಬಾಬತ್ತು.

ಉರಿದ ಪೆಟ್ರೋಲಿನ ಶಕ್ತಿಯಲ್ಲಿ ಸರಿಸುಮಾರು ಮೂರನೇ ಒಂದು ಪಾಲನ್ನು ಈ ಬಡಪಾಯಿ ನೀರೇ ಹೊತ್ತು ಸಾಗಿಸಬೇಕು. ಆದ್ದರಿಂದಲೇ ರೇಡಿಯೇಟರಿನ ಮುಚ್ಚಳ ಬರೀ ಮುಚ್ಚಳವಲ್ಲ, ಪ್ರೆಶರ್ ಕುಕ್ಕರಿನ ವೆಯ್ಟ್ ಇದ್ದ ಹಾಗೆ. 0.9 ಬಾರ್ ಒತ್ತಡ ಹಿಡಿದಿಟ್ಟರೆ ನೀರು 100ಕ್ಕೆ ಕುದಿಯದೆ 118 ಡಿಗ್ರಿಯ ಆಸುಪಾಸಿನವರೆಗೂ ತಾಳುತ್ತದೆ. ಅದರ ರಬ್ಬರು ಸವೆದರೆ ಉಳಿದದ್ದೆಲ್ಲ ನೆಟ್ಟಗಿದ್ದರೂ ಗಾಡಿ ಕುದಿಯುತ್ತದೆ. ಕಾದ ಗಾಡಿಯ ಮುಚ್ಚಳ ತಿರುಗಿಸಿದವರ ಕೈ ಮುಖ ಬೇಯುವುದೂ ಇದೇ ಒತ್ತಡದಿಂದ. ಅರ್ಧ ಗಂಟೆ ನಿಲ್ಲುವ ತಾಳ್ಮೆ ಇಲ್ಲದವರು ಹಳೆಯ ಗಾಡಿ ಸಾಕಬಾರದು.

ಥರ್ಮೋಸ್ಟ್ಯಾಟನ್ನು ಪರೀಕ್ಷಿಸುವ ಕ್ರಮವಂತೂ ನನಗೆ ಬಹಳ ಇಷ್ಟ. ಅದನ್ನು ಬಿಚ್ಚಿ ತಂದು, ದಾರ ಕಟ್ಟಿ, ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು ಒಲೆ ಹಚ್ಚಬೇಕು. ಒಳಗಿನ ಮೇಣ ಕರಗಿ ಉಬ್ಬಿ, ಮೈಮೇಲೆ ಕೊರೆದ 82 ಡಿಗ್ರಿಯ ಹೊತ್ತಿಗೆ ವಾಲ್ವು ಮೆಲ್ಲಗೆ ಬಾಯ್ದೆರೆಯುತ್ತದೆ. ನಾನು ಹೀಗೆ ಪಾತ್ರೆಯೊಳಗೆ ಇಣುಕುತ್ತ ನಿಂತಿದ್ದಾಗ ಅಮ್ಮ ಬಂದು, “ಒಗ್ಗರಣೆ ಈಗಲೇ ಹಾಕಲೋ, ಇಳಿಸಿದ ಮೇಲೋ?” ಎಂದು ಕೇಳಿದ್ದಳು. ಅದು ಕೆಟ್ಟಿದ್ದರೆ, “ಕಿತ್ತು ಬಿಸಾಡಿ, ನಮ್ಮ ಸೆಖೆಗೆ ಯಾಕೆ ಬೇಕು?” ಎನ್ನುವ ಮಿಸ್ತ್ರಿಗಳೂ ಇದ್ದಾರೆ. ನಮ್ಮವನು ಒಪ್ಪುವುದಿಲ್ಲ. ಅತಿಯಾಗಿ ತಣ್ಣಗಿರುವ ಎಂಜಿನ್ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ. ಬಿಸಿ ಬೇಕು, ಹದವಾಗಿ ಬೇಕು.

ಕುರ್ಲಾದಲ್ಲಿ ತಯಾರಾಗುತ್ತಿದ್ದ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳ ಕಾಲದಲ್ಲಿ ಈ ವಿದ್ಯೆ ಬೀದಿಗೆ ಬಿದ್ದಿತ್ತು. ಡಿಕ್ಕಿಯಲ್ಲಿ ನೀರಿನ ಡಬ್ಬಿ, ಏರುದಾರಿಯ ಬದಿಯಲ್ಲಿ ಬಾನೆಟ್ ತೆರೆದು ಬೀಡಿ ಹಚ್ಚಿದ ಡ್ರೈವರು. 2023ರ ಅಕ್ಟೋಬರಿನಲ್ಲಿ ಆ ಟ್ಯಾಕ್ಸಿಗಳು ಮುಂಬೈ ರಸ್ತೆಯಿಂದ ಪೂರ್ತಿ ನಿವೃತ್ತವಾದವು. ನಲ್ಲಿನೀರು ಸುರಿಯುವ ಚಾಳಿ ಮಾತ್ರ ಉಳಿದಿದೆ. ಆ ನೀರಿನ ಸುಣ್ಣ, ಒಳಗಿನ ತುಕ್ಕು ಎರಡೂ ಸೇರಿ ನಳಿಗೆ ಕಟ್ಟುತ್ತವೆ. ಡಿಸ್ಟಿಲ್ಡ್ ನೀರಿಗೆ ಅಷ್ಟೇ ಕೂಲೆಂಟ್ ಬೆರೆಸಿ ಹಾಕಿದರೆ ತುಕ್ಕು ದೂರ, ಕುದಿಬಿಂದುವೂ ಇನ್ನಷ್ಟು ಮೇಲೆ. ಘಾಟಿಯ ನಡುವೆ ಮುಳ್ಳು ಏರಿಯೇಬಿಟ್ಟರೆ ಎಸಿ ಆರಿಸಿ, ಕಿಟಕಿ ಇಳಿಸಿ, ಹೀಟರ್ ಪೂರ್ತಿ ತಿರುಗಿಸುವುದೊಂದು ಉಪಾಯ. ಎಂಜಿನ್ನಿನ ತಾಪ ಒಳಗೆ ಕೂತವರಿಗೆ ಹಂಚಿಹೋಗುತ್ತದೆ. ಮೇ ತಿಂಗಳಲ್ಲಿ ನೆಂಟರಿದ್ದರೆ ಅವರು ಮತ್ತೆ ಲಿಫ್ಟ್ ಕೇಳುವುದಿಲ್ಲ.

ಈಗ ರಸ್ತೆಯ ಉದ್ದಕ್ಕೂ ಮೆಟ್ರೊ ಕಂಬಗಳೆದ್ದಿವೆ. ಠಾಣೆಯಿಂದ ಬೊರಿವಲಿಗೆ ಉದ್ಯಾನದ ಅಡಿಯಲ್ಲೇ ಜೋಡಿ ಸುರಂಗವನ್ನೂ ಕೊರೆಯುತ್ತಿದ್ದಾರೆ. ಒಂದು ಜ್ಯಾಮನ್ನು ಕರಗಿಸಿ, ಇನ್ನೊಂದು ಘಾಟನ್ನು ತಪ್ಪಿಸಿದರೆ ಊರಿಗೆ ಒಳ್ಳೆಯದೇ. ಅಲ್ಲಿಯವರೆಗೆ, ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳಹೊರಟ ಗೆಳೆಯರಿಗೆ ನನ್ನದೊಂದು ಸಲಹೆ: ಸಂಜೆ ಏಳಕ್ಕೆ ಕಾಪುರಬಾವಡಿಯಿಂದ ಹೊರಟು ಗಾಯಮುಖ ಏರಿ ವರ್ಸೋವಾ ಸೇತುವೆಯ ತನಕ ಓಡಿಸಿ, ಆಮೇಲೆ ದರ ಮಾತಾಡಿ. “ಬೆಳಿಗ್ಗೆ ಐದಕ್ಕೆ ಬನ್ನಿ, ರಸ್ತೆ ಖಾಲಿ ಇರುತ್ತದೆ” ಎಂದು ಮಾರುವವನು ಕರೆದರೆ, ಹಾಸಿಗೆಯಲ್ಲೇ ಮಗ್ಗುಲು ಬದಲಿಸಿ ಮಲಗಿ.