ಎರಡು ಪದಕ ಕೆತ್ತಿದ ಕಲ್ಲು

ಬೆಲ್ಜಿಯಂನ ಈಪರ್ ಪಟ್ಟಣದಿಂದ ಪೊಪರಿಂಗೆಯತ್ತ ಹೋಗುವ ದಾರಿಯಲ್ಲಿ ಬ್ರಾಂಡ್‌ಹೂಕ್ ಎಂಬ ಪುಟ್ಟ ಹಳ್ಳಿಯಿದೆ. ಸುತ್ತಲೂ ಸಮತಟ್ಟಾದ ಹೊಲಗಳು. ಅಲ್ಲೊಂದು ಸೈನಿಕರ ಸ್ಮಶಾನ. 1917ರ ಬೇಸಗೆಯಲ್ಲಿ ಮಡಿದ ಐನೂರಕ್ಕೂ ಹೆಚ್ಚು ಮಂದಿ ಇಲ್ಲಿ ಮಲಗಿದ್ದಾರೆ. ಸಮಾಧಿಯ ಕಲ್ಲುಗಳಲ್ಲಿ ಅಧಿಕಾರಿ, ಜವಾನ ಎಂಬ ಭೇದವಿಲ್ಲ. ಎಲ್ಲವೂ ಒಂದೇ ಅಳತೆಯವು. ಆದರೆ ಒಂದು ಕಲ್ಲಿನ ಮುಂದೆ ಬಂದವರು ತುಸು ಹೆಚ್ಚು ಹೊತ್ತು ನಿಲ್ಲುತ್ತಾರೆ. ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್‌ನ ಗುರುತನ್ನು ಅದರ ಮೇಲೆ ಎರಡು ಸಲ ಕೆತ್ತಲಾಗಿದೆ.

ಅದು ಕ್ಯಾಪ್ಟನ್ ನೋಯಲ್ ಚವಾಸ್ ಸಮಾಧಿ. ಆತ ಸೇನೆಯ ವೈದ್ಯ.

1884ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಹುಟ್ಟಿದ ಅವಳಿ ಮಕ್ಕಳಲ್ಲಿ ಆತ ಒಬ್ಬ. ತಂದೆ ಮುಂದೆ ಲಿವರ್‌ಪೂಲ್‌ನ ಬಿಷಪ್ ಆದರು. ಅಣ್ಣತಮ್ಮಂದಿರಿಬ್ಬರೂ ಓಟದಲ್ಲಿ ಮುಂದು. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಇಬ್ಬರೂ 400 ಮೀಟರ್ ಓಟಕ್ಕೆ ಇಳಿದರು. ಇಬ್ಬರಿಗೂ ಮುಂದಿನ ಸುತ್ತು ಸಿಗಲಿಲ್ಲ. 1912ರಲ್ಲಿ ವೈದ್ಯನಾದ ನೋಯಲ್ ಮರುವರ್ಷ ಸೇನಾ ವೈದ್ಯದಳ ಸೇರಿ, 1914ರ ನವೆಂಬರಿನಲ್ಲಿ ಲಿವರ್‌ಪೂಲ್ ಸ್ಕಾಟಿಷ್ ಪಡೆಯೊಂದಿಗೆ ಫ್ರಾನ್ಸ್‌ಗೆ ಬಂದಿಳಿದ.

ಕಂದಕದ ಕೆಸರಿನಲ್ಲಿ ದಿನಗಟ್ಟಲೆ ನಿಂತು ಸೈನಿಕರ ಪಾದಗಳು ಕೊಳೆಯುತ್ತಿದ್ದ ಕಾಲವದು. ಒಣಗಿದ ಕಾಲುಚೀಲ, ಚೊಕ್ಕಟವಾದ ಕಂದಕ ಇವುಗಳಿಗಾಗಿ ಆತ ಗಾಯಗಳಿಗೆ ತೋರಿದಷ್ಟೇ ಕಾಳಜಿ ತೋರಿದ. ಗುಂಡಿನಷ್ಟೇ ರೋಗವೂ ಕೊಲ್ಲುತ್ತದೆಂಬುದು ಆತನಿಗೆ ಗೊತ್ತಿತ್ತು.

1916ರ ಆಗಸ್ಟ್ 9. ಫ್ರಾನ್ಸ್‌ನ ಗೀಮೋಂ ಹಳ್ಳಿಯ ಬಳಿ ದಾಳಿ ವಿಫಲವಾಯಿತು. ಗಾಯಾಳುಗಳು ಬಯಲಿನಲ್ಲೇ ಉಳಿದರು. ಹಗಲೆಲ್ಲ ಶತ್ರುವಿನ ಕಣ್ಣೆದುರಿಗೇ ಚಿಕಿತ್ಸೆ ನೀಡಿದ ಚವಾಸ್, ರಾತ್ರಿ ನಾಲ್ಕು ಗಂಟೆಗಳ ಕಾಲ ಕತ್ತಲಲ್ಲಿ ಅವರನ್ನು ಹುಡುಕಿದ. ಮರುದಿನ ತಾನೂ ಗಾಯಗೊಂಡ. ಆದರೂ ಅಂದು ರಾತ್ರಿ ಇಪ್ಪತ್ತು ಸ್ವಯಂಸೇವಕರೊಡನೆ ಮತ್ತೆ ಹೊರಟು, ಶತ್ರುಕಂದಕದಿಂದ 25 ಗಜ ದೂರದಲ್ಲಿದ್ದ ಮೂವರನ್ನು ಹೊತ್ತು ತಂದ. ಸತ್ತವರ ಗುರುತಿನ ಬಿಲ್ಲೆಗಳನ್ನೂ ಆಯ್ದುಕೊಂಡ. ಎಲ್ಲೋ ದೂರದಲ್ಲಿ ಅವರ ತಾಯಂದಿರು ಸುದ್ದಿಗೆ ಕಾಯುತ್ತಿದ್ದರಲ್ಲ! ಸುಮಾರು ಇಪ್ಪತ್ತು ಜೀವ ಉಳಿದವು. ಮೊದಲ ವಿಕ್ಟೋರಿಯಾ ಕ್ರಾಸ್ ಬಂದದ್ದು ಹೀಗೆ.

ಎರಡನೆಯದಕ್ಕೆ ಆತ ಪ್ರಾಣವನ್ನೇ ತೆರಬೇಕಾಯಿತು. 1917ರ ಜುಲೈ 31ರಂದು ಈಪರ್‌ನ ಮೂರನೆಯ ಕದನ ಆರಂಭವಾಯಿತು. ವೀಲ್ಟ್ಯೆ ಬಳಿ ಗಾಯಾಳುವೊಬ್ಬನನ್ನು ಹೊತ್ತು ತರುವಾಗ ಚವಾಸ್ ತಲೆಗೆ ಪೆಟ್ಟು ಬಿತ್ತು. ಹಿಂದಕ್ಕೆ ಹೋಗಬಹುದಿತ್ತು; ಹೋಗಲಿಲ್ಲ. ಮಳೆಯಲ್ಲಿ, ಅನ್ನವಿಲ್ಲದೆ, ಎರಡು ದಿನ ದುಡಿದ. ಕೊನೆಗೆ ಅವನಿದ್ದ ನೆಲಮಾಳಿಗೆಗೇ ಷೆಲ್ ಬಡಿಯಿತು. ಬ್ರಾಂಡ್‌ಹೂಕ್‌ನ ಆಸ್ಪತ್ರೆಗೆ ಸಾಗಿಸಿದರೂ ಆಗಸ್ಟ್ 4ರಂದು ಕೊನೆಯುಸಿರೆಳೆದ. ಆಗ ಮೂವತ್ತೆರಡು ವರ್ಷ.

ಈ ಪದಕವನ್ನು ಎರಡು ಸಲ ಪಡೆದವರು ಮೂವರೇ. ಅವರಲ್ಲಿ ಇಬ್ಬರು ವೈದ್ಯರು. ಮೊದಲನೆಯವ ಆರ್ಥರ್ ಮಾರ್ಟಿನ್-ಲೀಕ್. ನಮ್ಮ ದೇಶದ ಬಂಗಾಳ-ನಾಗಪುರ ರೈಲ್ವೆಯಲ್ಲಿ ವೈದ್ಯಾಧಿಕಾರಿಯಾಗಿದ್ದವ.

ಈಪರ್‌ಗೆ ಮರಳಿದವರು ಮೆನಿನ್ ಗೇಟನ್ನು ನೋಡದೆ ಹೋಗುವುದಿಲ್ಲ. ಸಮಾಧಿಯೇ ಇಲ್ಲದ ಐವತ್ತು ಸಾವಿರಕ್ಕೂ ಹೆಚ್ಚು ಯೋಧರ ಹೆಸರುಗಳು ಅಲ್ಲಿವೆ. ನೂರಾರು ಭಾರತೀಯರ ಹೆಸರುಗಳೂ ಇವೆ. 1917ರ ಜುಲೈನಲ್ಲಿ ಕಾಣೆಯಾದ ನೋಯಲ್‌ನ ತಮ್ಮ ಏಡನ್‌ನ ಹೆಸರೂ ಅಲ್ಲಿಯೇ ಇದೆ. ಬಿಷಪ್ಪರ ಮನೆಗೆ ಒಂದೇ ತಿಂಗಳ ಅಂತರದಲ್ಲಿ ಎರಡು ಸಾವಿನ ಸುದ್ದಿ. ಒಬ್ಬ ಮಗನಿಗೆ ಎರಡು ಪದಕ ಕೆತ್ತಿದ ಕಲ್ಲು. ಇನ್ನೊಬ್ಬನಿಗೆ ಗೋಡೆಯ ಮೇಲೊಂದು ಹೆಸರು ಮಾತ್ರ.

ಪ್ರತಿದಿನ ರಾತ್ರಿ ಎಂಟಕ್ಕೆ ಆ ದ್ವಾರದಡಿ ವಾಹನಗಳು ನಿಲ್ಲುತ್ತವೆ, ಕಹಳೆ ಮೊಳಗುತ್ತದೆ. ಅಪ್ಪ ಅಮ್ಮಂದಿರ ಕೈ ಹಿಡಿದು ಬಂದ ಮಕ್ಕಳು ಕತ್ತೆತ್ತಿ ಗೋಡೆಯ ಮೇಲಿನ ಹೆಸರುಗಳನ್ನು ಓದತೊಡಗುತ್ತಾರೆ. ಓದಿ ಮುಗಿಸುವುದು ಯಾರಿಂದಲೂ ಆಗುವುದಿಲ್ಲ.