ತಂತಿಯ ತೊಗಲು

ಸೃಷ್ಟಿಕರ್ತನು ತಾನು ಮಾಡಿದ ಪದಾರ್ಥಗಳಿಗೆಲ್ಲ ಒಂದೊಂದು ಸಿಪ್ಪೆಯನ್ನು ಕೊಟ್ಟಿದ್ದಾನೆ. ಬಾಳೆಯ ಹಣ್ಣನ್ನು ಮಗುವೂ ಸುಲಿಯಬಲ್ಲದು. ಉಳ್ಳಾಗಡ್ಡಿ ತನ್ನನ್ನು ಸುಲಿದವರನ್ನು ಅಳಿಸುತ್ತದೆ. ಹಸಿ ತೊಗರಿಕಾಯಿ ಸುಲಿಯುತ್ತ ಕುಳಿತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಮನುಷ್ಯನೂ ಸುಮ್ಮನಿರದೆ ತನ್ನ ಸೃಷ್ಟಿಗೆ ಸಿಪ್ಪೆ ತೊಡಿಸಿದ. ಅವುಗಳಲ್ಲೆಲ್ಲ ಅತಿ ತೆಳ್ಳಗಿನದೂ ಅತಿ ಹಟಮಾರಿಯೂ ಯಾವುದೆಂದು ಕೇಳಿದರೆ, ಕೂದಲೆಳೆಯಂಥ ತಾಮ್ರದ ತಂತಿಯ ಮೇಲಿನ ಎನಾಮಲ್ ಲೇಪ ಎಂದು ನಾನು ಹೇಳುತ್ತೇನೆ.

ಇದು ತಾವು ಕಾಣದ ವಸ್ತುವೇನೂ ಅಲ್ಲ. ರೇಡಿಯೊದ ಸುರುಳಿ, ಫ್ಯಾನಿನ ಮೋಟಾರು, ಸ್ಪೀಕರಿನ ಹೊಟ್ಟೆಯೊಳಗಿನ ಕಾಯಿಲು, ಇವೆಲ್ಲ ಅದೇ ತಂತಿಯ ಮಕ್ಕಳು. ಹುಣಿಸೆಹಣ್ಣು ಹಚ್ಚಿ ಬೆಳಗಿದ ತಂಬಿಗೆಯಂತೆ ಅದು ಹೊಳೆಯುತ್ತದೆ. ನೋಡಿದವರು ಬರಿ ತಾಮ್ರವೆಂದೇ ನಂಬಬೇಕು. ಆದರೆ ಮೈಮೇಲೆ ವಾರ್ನಿಶಿನಂಥದೊಂದು ಪೊರೆ ಇರುತ್ತದೆ. ಆ ಪೊರೆ ಇರುವುದರಿಂದಲೇ ಸುರುಳಿ ಸುರುಳಿಯೆನಿಸಿಕೊಳ್ಳುತ್ತದೆ. ಬರಿ ತಾಮ್ರವನ್ನು ಒತ್ತೊತ್ತಾಗಿ ನೂರು ಸುತ್ತು ಸುತ್ತಿದರೆ, ವಿದ್ಯುತ್ತು ಆ ನೂರು ಸುತ್ತನ್ನೂ ನಡೆಯುವ ಕಷ್ಟವನ್ನೇಕೆ ಪಟ್ಟೀತು? ಪಕ್ಕದ ಸುತ್ತಿಗೆ ದಾಟಿ ಹೊರಟುಹೋಗುತ್ತದೆ. ಅಡ್ಡದಾರಿಯ ಮೋಹ ನಮಗಷ್ಟೇ ಎಂದು ತಿಳಿದಿದ್ದವರು ಸ್ವಲ್ಪ ಸಮಾಧಾನಪಟ್ಟುಕೊಳ್ಳಬಹುದು.

ತೊಂದರೆ ಬರುವುದು ತುದಿಯಲ್ಲಿ. ಪಕ್ಕದ ಸುತ್ತಿನಿಂದ ಕಾಪಾಡಿದ ಲೇಪವೇ ಅಲ್ಲಿ ಬೆಸುಗೆಯನ್ನೂ ಹತ್ತಿರ ಸೇರಿಸುವುದಿಲ್ಲ. ಕರಗಿದ ತವರವು ಕೆಸುವಿನ ಎಲೆಯ ಮೇಲಿನ ನೀರಿನಂತೆ ಉರುಳಿಹೋಗುತ್ತದೆ. ಕೆಲವೊಮ್ಮೆ ಇನ್ನೂ ಕೆಟ್ಟದ್ದು ನಡೆಯುತ್ತದೆ. ತವರ ತಂತಿಯ ಸುತ್ತ ಗಟ್ಟಿಯಾಗಿ ಕುಳಿತು ಅಂಟಿದಂತೆ ನಟಿಸುತ್ತದೆ. ಎಳೆದರೆ ಬರುವುದಿಲ್ಲ, ಆದರೆ ಒಳಗೆ ಸಂಬಂಧವೂ ಇರುವುದಿಲ್ಲ.

ಈ ವಿದ್ಯೆಯೆಲ್ಲ ನನಗೆ ಬೇಕಾದದ್ದು ನಮ್ಮ ಕಾಕಾನ ಕಿವಿಗಾಗಿ. ನಮ್ಮೂರು ನೆಲೋಗಿ, ಜೇವರ್ಗಿ ತಾಲ್ಲೂಕಿನದು. ಮುಖ್ಯಮಂತ್ರಿಯಾಗಿದ್ದ ಧರ್ಮಸಿಂಗರ ಊರೆಂದರೆ ದೂರದವರಿಗೆ ಬೇಗ ಗುರುತು ಹತ್ತುತ್ತದೆ. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಈ ಸೀಮೆಗೆ ಆಕಾಶವಾಣಿಯ ಒಂದು ನಿಲಯ ಬಂದದ್ದು 1966ರಲ್ಲಿ, ಆಗಿನ ಗುಲಬರ್ಗಾದಲ್ಲಿ. ಕಾಕಾ ಅಂದಿನಿಂದ ಕೇಳುವ ಚಟ ಹತ್ತಿಸಿಕೊಂಡವರು. ಹೊಲಕ್ಕೆ ಹೋದರೆ ಬುತ್ತಿಯ ಗಂಟಿನ ಪಕ್ಕದಲ್ಲಿ ಟ್ರಾನ್ಸಿಸ್ಟರು ಇರಬೇಕು. ಈಗ ಎಂಬತ್ತು ದಾಟಿದೆ; ಒಂದು ಕಿವಿ ಪೂರ್ತಿ ಮಂದ, ಇನ್ನೊಂದು ಅರ್ಧ. ಪುಣೆಯಲ್ಲಿರುವ ಮಗ ತಂದುಕೊಟ್ಟ ದೊಡ್ಡ ಹೆಡ್‌ಫೋನ್ ಒಂದೇ ಲೋಕದ ಮಾತನ್ನು ಅವರಿಗೆ ಮುಟ್ಟಿಸುತ್ತಿತ್ತು. ಬಗ್ಗಿಸಿ ಬಗ್ಗಿಸಿ ಅದರ ವಯರು ಪಿನ್ನಿನ ಕತ್ತಿನಲ್ಲಿ ಹರಿಯಿತು. ಆ ವಾರವೆಲ್ಲ ಅವರು ಯಾರೊಡನೆಯೂ ಮಾತಾಡಲಿಲ್ಲ.

ಮನೆಯ ಹುಡುಗರು ಹೊಸದು ತರಿಸೋಣವೆಂದರು. ಕಾಕಾ ಒಪ್ಪಲಿಲ್ಲ. "ಹೊಸಾದು ಬ್ಯಾಡ ತಮ್ಮಾ. ಇದು ನನ್ನ ಕಿವಿ ಹಿಡದು ಕುಂತದ. ಇದರಾಗ ಮಾತು ಬಿಡಿಬಿಡಿ ಕೇಳಿಸ್ತದ" ಎಂದರು. ಕಿವಿ ಮಂದವಾದವರಿಗೆ ದೊಡ್ಡ ಸದ್ದಿಗಿಂತ ಬಿಡಿಸಿ ಕೇಳುವ ಮಾತು ಬೇಕು.

ಆ ವಯರನ್ನು ಸೀಳಿದೆ. ಒಳಗೆ ಕೆಂಪು, ಹಸುರು, ತಾಮ್ರದ ಬಣ್ಣ, ಹೀಗೆ ಮೂರು ಬಗೆಯ ಎಳೆಗಳ ಕಟ್ಟು, ನಡುವೆ ಬಲಕ್ಕೆಂದು ಹೊಸೆದ ನೈಲಾನಿನ ದಾರ. ಒಂದೊಂದಕ್ಕೂ ಪ್ಲಾಸ್ಟಿಕ್ಕಿನ ಅಂಗಿ ತೊಡಿಸಿದ್ದರೆ ವಯರು ಹಗ್ಗದಷ್ಟಾಗುತ್ತಿತ್ತು. ಆದುದರಿಂದ ಬಣ್ಣದ ಲೇಪವೇ ಅಂಗಿ, ಅದೇ ಗುರುತು. ಹಳೆಯ ಟ್ರಾನ್ಸಿಸ್ಟರಿನ ಫೆರೈಟ್ ಕಡ್ಡಿಯ ಸುರುಳಿಯಲ್ಲೂ ಇಂಥ ಎಳೆಗಳ ಕಟ್ಟನ್ನೇ ನೋಡಿದ್ದೇನೆ. ಅಲ್ಲಿ ಕಾರಣ ಬೇರೆ. ಸೆಕೆಂಡಿಗೆ ಹತ್ತು ಲಕ್ಷ ಸಲ ತೂಗುವ ವಿದ್ಯುತ್ತು ತಾಮ್ರದ ಒಡಲಿಗೆ ಇಳಿಯದೆ ಸುಮಾರು 0.066 ಮಿಲಿಮೀಟರಿನಷ್ಟು ಮೇಲುಮೈಯಲ್ಲೇ ಹರಿಯುತ್ತದೆ. ಹೆಚ್ಚು ಎಳೆಗಳಿದ್ದರೆ ಹೆಚ್ಚು ಮೇಲುಮೈ. ಜರ್ಮನರು ಇದನ್ನು ಲಿಟ್ಸ್ ತಂತಿ ಎಂದರು.

ಇನ್ನು ಸುಲಿಯುವ ಬಗೆ. ಚಾಕುವಿನಿಂದ ಕೆರೆದರೆ ಲೇಪಕ್ಕಿಂತ ಮೊದಲು ಎಳೆಯೇ ತುಂಡಾಗುತ್ತದೆ. 40ನೆಯ ಗೇಜಿನ ತಂತಿ 0.12 ಮಿಲಿಮೀಟರು ಮಾತ್ರ. ಹೆಡ್‌ಫೋನಿನ ಎಳೆಗಳು ಅದಕ್ಕಿಂತಲೂ ಸಣ್ಣವು. ದಪ್ಪ ತಂತಿಗಾದರೆ ಮರಳು ಕಾಗದ ನಡೆಯುತ್ತದೆ. ಕಡ್ಡಿ ಗೀರಿ ಸುಟ್ಟರೆ ಲೇಪವೇನೋ ಹೋಗುತ್ತದೆ, ಆದರೆ ತಾಮ್ರ ಕಪ್ಪಾಗಿ ಬೆಸುಗೆಗೆ ಒಗ್ಗುವುದಿಲ್ಲ. ಆಸ್ಪಿರಿನ್ ಗುಳಿಗೆಯ ಮೇಲೆ ತಂತಿಯನ್ನಿಟ್ಟು ಕಾದ ಕಡ್ಡಿಯಿಂದ ಒತ್ತುವ ಉಪಾಯವೂ ಹವ್ಯಾಸಿಗಳಲ್ಲಿ ರೂಢಿಯಲ್ಲಿದೆ. ಕರಗಿದ ಗುಳಿಗೆಯ ಆಮ್ಲ ಲೇಪವನ್ನು ತಿನ್ನುತ್ತದೆ, ಹೊಗೆ ಮಾತ್ರ ಕಣ್ಣುಮೂಗನ್ನು ಉರಿಸುತ್ತದೆ. ಈ ಮಾತನ್ನು ಕೇಳಿ ನಮ್ಮ ಚಿಗವ್ವ, "ಮನಷ್ಯಾರ ತಲಿನೋವಿನ ಗುಳಿಗಿ ತಂತಿಗಿ ಯಾಕೋ?" ಎಂದು ಡಬ್ಬಿಯನ್ನು ಎತ್ತಿಟ್ಟುಬಿಟ್ಟಳು.

ನಮ್ಮನ್ನು ಕಾಪಾಡಿದ್ದು ಆ ಲೇಪದ ಜಾತಿ. 1937ರಲ್ಲಿ ಜರ್ಮನಿಯ ಓಟ್ಟೊ ಬಾಯರ್ ಮತ್ತು ಸಂಗಡಿಗರು ಪಾಲಿಯುರಿಥೇನ್ ಎಂಬ ವಸ್ತುವಿನ ರಸಾಯನವನ್ನು ಕಂಡುಕೊಂಡರು. ಅದರ ಲೇಪವಿರುವ ತಂತಿ ಕೆರೆಯುವ ಗೋಜಿಲ್ಲದೆ ಬಿಸಿಗೆ ತಾನೇ ದಾರಿ ಬಿಡುತ್ತದೆ. ಬಿಸಿ ಮಾತ್ರ ಸಾಕಷ್ಟಿರಬೇಕು. 60 ಪಾಲು ತವರ, 40 ಪಾಲು ಸೀಸದ ಬೆಸುಗೆ 190 ಡಿಗ್ರಿಯೊಳಗೇ ಕರಗುತ್ತದೆ. ಲೇಪ ಸೋಲಬೇಕಾದರೆ ಕಡ್ಡಿಯ ತುದಿ 380ರ ಹತ್ತಿರವಿರಬೇಕು. ತುದಿಯಲ್ಲಿ ತವರದ ದೊಡ್ಡ ಹನಿಯೊಂದನ್ನು ನಿಲ್ಲಿಸಿ, ರಾಳ ಹಚ್ಚಿದ ತಂತಿಯ ಕತ್ತರಿಸಿದ ಕೊನೆಯನ್ನು ಅದರಲ್ಲಿ ಅದ್ದಬೇಕು. ಕತ್ತರಿಸಿದ ಬಾಯಲ್ಲಿ ಎಳ್ಳಿನ ಮೊನೆಯಷ್ಟಾದರೂ ಬರಿ ತಾಮ್ರವಿರುತ್ತದಲ್ಲ, ಬೆಸುಗೆ ಅಲ್ಲಿಂದ ಒಳಹೊಕ್ಕು ಮೇಲಕ್ಕೇರುತ್ತದೆ. ಎರಡು ಮೂರು ಸೆಕೆಂಡು ಏನೂ ಆಗುವುದಿಲ್ಲ. ಆಮೇಲೆ ಬಣ್ಣ ಕಂದುತ್ತದೆ, ಹೊಗೆಯ ಎಳೆಯೊಂದು ಏಳುತ್ತದೆ, ತಟ್ಟನೆ ತಂತಿ ಬೆಳ್ಳಗಾಗುತ್ತದೆ. ಹೊಗೆಯಲ್ಲಿ ಉಸಿರಿಗೆ ಕೇಡಾದ ಐಸೋಸಯನೇಟ್ ಇರುವುದರಿಂದ ಕಿಟಕಿ ತೆರೆದು, ಮುಖ ಪಕ್ಕಕ್ಕಿಟ್ಟುಕೊಳ್ಳಬೇಕು. ಇದೇ ಉಪಾಯವನ್ನು ಮೋಟಾರಿನ ತಂತಿಗೆ ಹೂಡಿದರೆ ಅದು ಜಗ್ಗುವುದಿಲ್ಲ. ಹೆಚ್ಚಿನ ಶಾಖ ತಡೆಯಲೆಂದೇ ಅದರ ಲೇಪವನ್ನು ಮಾಡಿರುತ್ತಾರೆ. ಅದನ್ನು ಕೆರೆದೇ ತೀರಬೇಕು.

ಸುಲಿಯಬೇಕಾದದ್ದು ಮೂರು ಮಿಲಿಮೀಟರು. ಅದಕ್ಕಿಂತ ಹೆಚ್ಚಾದರೆ ಕೆಂಪಿನ ಮೈ ಹಸುರಿಗೆ ತಾಗಿ ಎಡಬಲಗಳು ಕಲೆತುಹೋಗುತ್ತವೆ. ಕಡಮೆಯಾದರೆ ಸಂಬಂಧವೇ ಇಲ್ಲ. ಜಗತ್ತಿನಿಂದ ಎಲ್ಲೆಲ್ಲೂ ಮೈ ಮುಚ್ಚಿಕೊಂಡು, ಒಂದು ತುದಿಯಲ್ಲಿ ಮಾತ್ರ ಅದಕ್ಕೆ ತೆರೆದುಕೊಳ್ಳುವುದು: ತಂತಿಗೆ ಇಷ್ಟು ಸಂಸಾರಜ್ಞಾನ ಇರಲೇಬೇಕು.

ಬೆಸೆದು ಮುಗಿಸಿ ಮೀಟರಿನ ಕಡ್ಡಿಗಳನ್ನು ಮುಟ್ಟಿಸಿದಾಗ ಅದು 'ಕುಂಯ್' ಎಂದಿತು. ಕಾಕಾನಿಗೆ ಆ ಸದ್ದು ಕೇಳಿಸಲಿಲ್ಲ, ನನ್ನ ಮುಖ ನೋಡಿಯೇ ತಿಳಿದುಕೊಂಡರು. ಈಗ ಮತ್ತೆ ಸಂಜೆ ಕಟ್ಟೆಯ ಮೇಲೆ ಹೆಡ್‌ಫೋನ್ ಹಾಕಿಕೊಂಡು ಕುಳಿತುಕೊಳ್ಳುತ್ತಾರೆ. ಚೆನ್ನಾಗಿರುವ ಕಿವಿಗೆ ಒಂದು ಬಟ್ಟಲು; ಇನ್ನೊಂದನ್ನು ಕಿವಿಯ ಹಿಂದಕ್ಕೆ ಸರಿಸಿಕೊಂಡಿರುತ್ತಾರೆ. ಆ ಕಿವಿ ಹೇಗೂ ಕೇಳುವುದಿಲ್ಲವಲ್ಲ ಎಂದು ಹುಡುಗರು ನಗುತ್ತಾರೆ. "ಯಾರರೆ ಕರದರ?" ಎನ್ನುತ್ತಾರೆ ಕಾಕಾ.